‘ಸಲಹೆ ಮಾತ್ರ’ವೇ? ಪಾಲನಾ ಪರಿಷತ್ತಿನ ದೈವಶಾಸ್ತ್ರೀಯ ನೆಲೆ

ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಇರುವುದು ಸಲಹಾ ಮತ ಮಾತ್ರ ಎಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 536ನೆಯ ವಿಧಿ ಹೇಳುತ್ತದೆ. ಈ ‘ಮಾತ್ರ’ ಎಂಬ ಒಂದು ಪದ ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ ಕೆಲಸ ಮಾಡಿದೆ. ಗುರುಗಳಲ್ಲಿ ಕೆಲವರಿಗೆ ಅದು ಗುರಾಣಿಯಾಗಿದೆ. ಶ್ರೀಸಾಮಾನ್ಯರಲ್ಲಿ ಕೆಲವರಿಗೆ, ‘ಹೇಗಿದ್ದರೂ ಫಾದರ್ ಹೇಳಿದ್ದೇ ಆಗುವುದು’ ಎಂದು ಸಭೆಯಿಂದ ದೂರ ಉಳಿಯಲು ನೆಪವಾಗಿದೆ. ಸಭೆ ಸೇರಿದ ಕಡೆಯಲ್ಲಿಯೂ ಹಬ್ಬದ ಪೆಂಡಾಲು, ಧ್ವನಿವರ್ಧಕ, ಊಟದ ಏರ್ಪಾಡುಗಳ ಹಂಚಿಕೆಯಲ್ಲಿಯೇ ಹೊತ್ತು ಕಳೆಯುತ್ತದೆ. ಮುಖ್ಯ ನಿರ್ಧಾರಗಳು ಅಲ್ಲಿಗೆ ಬರುವಾಗ ಆಗಲೇ ಕೈಗೊಂಡಾಗಿರುತ್ತದೆ. ಸಲಹೆಯೆಂದರೆ ಕೊಟ್ಟರೂ ಆಯಿತು, ಬಿಟ್ಟರೂ ಆಯಿತು ಎಂಬ ಈ ತಿಳಿವಳಿಕೆಗೆ ಧರ್ಮಸಭೆಯ ಪರಂಪರೆಯಲ್ಲಿ ಆಧಾರವಿಲ್ಲ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಮೊದಲಿಗೆ ಕಾನೂನನ್ನೇ ಪೂರ್ತಿಯಾಗಿ ಓದೋಣ. ಯಾವುದಾದರೊಂದು ಕಾರ್ಯಕ್ಕೆ ಮುನ್ನ ಇಂತಿಂಥವರ ಸಲಹೆ ಪಡೆಯಬೇಕೆಂದು ಕಾನೂನು ವಿಧಿಸಿದ್ದರೆ, ಅವರನ್ನು ಆಲಿಸದೆ ಅಧಿಕಾರಿ ಮಾಡಿದ ಕಾರ್ಯವು ಅಸಿಂಧು ಎಂದು 127ನೆಯ ವಿಧಿ ಹೇಳುತ್ತದೆ. ಸಲಹೆಯನ್ನು ಒಪ್ಪಲೇಬೇಕೆಂಬ ಬಂಧನ ಅಧಿಕಾರಿಗಿಲ್ಲ, ನಿಜ. ಆದರೆ ಎಲ್ಲರೂ ಒಮ್ಮತದಿಂದ ನೀಡಿದ ಸಲಹೆಯನ್ನು, ಅದಕ್ಕಿಂತ ಗುರುತರವಾದ ಕಾರಣವಿಲ್ಲದೆ, ಅವರು ಮೀರಬಾರದು. ಧರ್ಮಾಧ್ಯಕ್ಷರು ಕೂಡ ಗುರುಪರಿಷತ್ತನ್ನು ಆಲಿಸದೆ ಒಂದು ಧರ್ಮಕೇಂದ್ರವನ್ನು ಸ್ಥಾಪಿಸುವಂತಿಲ್ಲ, ರದ್ದುಪಡಿಸುವಂತಿಲ್ಲ. ಪಾಲನಾ ಪರಿಷತ್ತಿನ ರಚನೆಯನ್ನು ಸಂಹಿತೆಯು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿದ್ದರೂ, ಹಣಕಾಸು ಸಮಿತಿಯನ್ನು 537ನೆಯ ವಿಧಿಯು ಪ್ರತಿಯೊಂದು ಧರ್ಮಕೇಂದ್ರಕ್ಕೂ ಕಡ್ಡಾಯಗೊಳಿಸಿದೆ. ಇಷ್ಟನ್ನು ಓದಿದ ಮೇಲೆ ‘ಮಾತ್ರ’ ಎಂಬ ಪದದ ತೂಕ ಬೇರೆಯೇ ಆಗುತ್ತದೆ. ಕೊನೆಯ ನಿರ್ಧಾರದ ಹೊಣೆ ಯಾರದೆಂಬುದನ್ನು ಅದು ಸೂಚಿಸುತ್ತದೆ. ಆಲಿಸುವ ಹೊಣೆಯಿಂದ ಅದು ಯಾರನ್ನೂ ಬಿಡುಗಡೆ ಮಾಡುವುದಿಲ್ಲ.

ಆಲಿಸುವುದು ಏತಕ್ಕೆ ಹೊಣೆ? ಆಡಳಿತ ಸುಗಮವಾಗಲಿ, ಜನರು ಸಂತೋಷವಾಗಿರಲಿ ಎಂಬ ಉತ್ತರ ಸಾಲದು. ಅದರ ಬೇರು ಇರುವುದು ಜ್ಞಾನಸ್ನಾನದಲ್ಲಿ. ಕ್ರಿಸ್ತರ ಯಾಜಕತ್ವ, ಪ್ರವಾದಿತ್ವ ಹಾಗೂ ರಾಜತ್ವಗಳಲ್ಲಿ ಪ್ರತಿಯೊಬ್ಬ ವಿಶ್ವಾಸಿಯೂ ಪಾಲುಗಾರನೆಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ‘ಲೂಮೆನ್ ಜೆನ್ಸಿಯುಮ್’ ಎಂಬ ತನ್ನ ಸಂವಿಧಾನದಲ್ಲಿ ಬೋಧಿಸಿತು. ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ತಿಳಿಸುವುದು ಶ್ರೀಸಾಮಾನ್ಯರಿಗೆ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದೆಂದು ಅದರ 37ನೆಯ ಪರಿಚ್ಛೇದ ಹೇಳುತ್ತದೆ. ವಿಶ್ವಾಸಿಗಳ ಸಮಸ್ತ ಸಮೂಹವು ವಿಶ್ವಾಸದ ವಿಷಯದಲ್ಲಿ ಒಮ್ಮತ ತಾಳಿದಾಗ ತಪ್ಪಲಾರದು ಎಂಬ 12ನೆಯ ಪರಿಚ್ಛೇದದ ಬೋಧನೆಯನ್ನು, ಚರ್ಚಿಗೆ ಯಾವ ಬಣ್ಣ ಬಳಿಯಬೇಕೆಂಬ ವಾದಕ್ಕೂ ಆಧಾರವಾಗಿ ತರುವವರಿದ್ದಾರೆ, ಅದು ಅತಿಯಾಯಿತು. ಆದರೂ ಪವಿತ್ರಾತ್ಮರ ಅಭಿಷೇಕವು ಗುರುದೀಕ್ಷೆ ಪಡೆದವರಿಗೆ ಮೀಸಲಲ್ಲ ಎಂಬ ತಿರುಳನ್ನು ಅಲ್ಲಗಳೆಯಲಾಗದು. ಹೀಗಿರುವಾಗ ಗುರುಗಳು ಜನರ ಮಾತನ್ನು ಕೇಳುವುದು ಅವರ ಔದಾರ್ಯವಲ್ಲ. ಜ್ಞಾನಸ್ನಾನಕ್ಕೆ ಸಲ್ಲಬೇಕಾದ ಋಣ.

ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲಿ ಗ್ರೀಕ್ ಭಾಷಿಕ ವಿಧವೆಯರು ದಿನದ ಆಹಾರ ಹಂಚಿಕೆಯಲ್ಲಿ ಕಡೆಗಣಿತರಾದರೆಂಬ ದೂರು ಏಳುತ್ತದೆ. ಧರ್ಮಸಭೆಯ ಮೊದಲ ಆಡಳಿತ ಬಿಕ್ಕಟ್ಟುಗಳಲ್ಲಿ ಒಂದು ಅನ್ನದ ವಿಷಯಕ್ಕೆ ಎದ್ದಿತೆಂಬುದು ಗಮನಾರ್ಹ. ಪ್ರೇಷಿತರು ದೂರಿತ್ತವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿರೆಂದು ಸಮುದಾಯಕ್ಕೇ ಹೇಳಿದರು. ಆರಿಸಲ್ಪಟ್ಟ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. 15ನೆಯ ಅಧ್ಯಾಯದ ಯೆರೂಸಲೇಮಿನ ಸಭೆಯಲ್ಲಿ ಬಹಳ ಚರ್ಚೆ ನಡೆಯುತ್ತದೆ, ಪೇತ್ರನು ಮಾತನಾಡುತ್ತಾನೆ, ಆಮೇಲೆ ಇಡೀ ಸಭೆ ಮೌನವಾಗಿ ಬಾರ್ನಬ ಮತ್ತು ಪೌಲರ ಅನುಭವವನ್ನು ಆಲಿಸುತ್ತದೆ, ಯಕೋಬನು ಧರ್ಮಗ್ರಂಥದ ಬೆಳಕಿನಲ್ಲಿ ತೀರ್ಮಾನವನ್ನು ಮುಂದಿಡುತ್ತಾನೆ. ನಾಯಕರ ಅಧಿಕಾರ ಅಲ್ಲಿ ಎಳ್ಳಷ್ಟೂ ಕುಂದಲಿಲ್ಲ. ಅವರು ಬರೆದ ಪತ್ರದಲ್ಲಿ ನಿರ್ಧಾರವು ಪವಿತ್ರಾತ್ಮರದ್ದೂ ತಮ್ಮದೂ ಎಂದು ಒಟ್ಟಾಗಿ ಹೇಳಲು ಅವರಿಗೆ ಧೈರ್ಯ ಬಂದದ್ದು ಆಲಿಸಿದ ನಂತರವೇ.

ಮುಂದಿನ ಶತಮಾನಗಳೂ ಇದನ್ನು ಮರೆಯಲಿಲ್ಲ. ಧರ್ಮಾಧ್ಯಕ್ಷರ ಅಧಿಕಾರವನ್ನು ಸಂತ ಸಿಪ್ರಿಯಾನರಷ್ಟು ಗಟ್ಟಿಯಾಗಿ ಎತ್ತಿಹಿಡಿದವರು ವಿರಳ. ಅದೇ ಸಿಪ್ರಿಯಾನರು, ಮೂರನೆಯ ಶತಮಾನದಲ್ಲಿ ದೇಕಿಯನ ಹಿಂಸೆಯ ಕಾಲಕ್ಕೆ ತಲೆಮರೆಸಿಕೊಂಡಿದ್ದಾಗಲೂ, ತಮ್ಮ ಗುರುಗಳ ಸಲಹೆ ಮತ್ತು ಜನರ ಸಮ್ಮತಿಯಿಲ್ಲದೆ ಸ್ವಂತ ಅಭಿಪ್ರಾಯದಂತೆ ಏನನ್ನೂ ಮಾಡುವುದಿಲ್ಲವೆಂಬ ತಮ್ಮ ಆರಂಭದ ನಿಶ್ಚಯವನ್ನು ಕಾರ್ಥೇಜಿನ ಗುರುಗಳಿಗೆ ನೆನಪಿಸಿದರು. ಸಂತ ಬೆನೆಡಿಕ್ಟರ ನಿಯಮಾವಳಿಯ ಮೂರನೆಯ ಅಧ್ಯಾಯವು ಮುಖ್ಯ ವಿಷಯಗಳಿಗೆ ಮಠದ ಎಲ್ಲರನ್ನೂ ಕರೆಯಬೇಕೆನ್ನುತ್ತದೆ. ಉತ್ತಮವಾದುದನ್ನು ಪ್ರಭು ಅನೇಕ ವೇಳೆ ಕಿರಿಯನಿಗೇ ತಿಳಿಯಪಡಿಸುತ್ತಾರೆ ಎಂಬುದು ಅದರ ಕಾರಣ. ನಿರ್ಧರಿಸುವವರು ಮಠಾಧಿಪತಿಗಳೇ. 1859ರಲ್ಲಿ ವಿಶ್ವಾಸಿಗಳ ಸಮಾಲೋಚನೆಯ ಕುರಿತು ಬರೆದ ಜಾನ್ ಹೆನ್ರಿ ನ್ಯೂಮನ್ನರು, ವೈದ್ಯರು ರೋಗಿಯ ನಾಡಿಯನ್ನು ನೋಡುವ ಹೋಲಿಕೆಯನ್ನು ಕೊಟ್ಟರು. ನಾಡಿಯು ಔಷಧವನ್ನು ಬರೆದುಕೊಡುವುದಿಲ್ಲ; ಆದರೆ ನಾಡಿ ನೋಡದೆ ಔಷಧ ಬರೆಯುವ ವೈದ್ಯರನ್ನು ಯಾರೂ ನಂಬುವುದಿಲ್ಲ.

ಆ ನಾಡಿ ಮಿಡಿಯುವುದು ದಿನನಿತ್ಯದ ಬದುಕಿನಲ್ಲಿ. ಬೆಂಗಳೂರಿನ ಹೊರವಲಯದ ಗಾರ್ಮೆಂಟ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ದಿನ ದುಡಿಯುವ ತಾಯಿಗೆ ನೀರು ಹಿಡಿಯಲು, ಬಟ್ಟೆ ಒಗೆಯಲು, ರೇಷನ್ ತರಲು ಇರುವುದು ಭಾನುವಾರವೊಂದೇ. ಆಕೆಯ ಮಗು ಧರ್ಮೋಪದೇಶದ ತರಗತಿಗೆ ಬಾರದಿದ್ದಾಗ, ವಿಶ್ವಾಸ ಕುಂದಿದೆಯೆಂದು ಪ್ರವಚನಪೀಠದಿಂದ ಹೇಳುವುದು ಸುಲಭ. ತರಗತಿಯ ವೇಳೆ ಬದಲಾದರೆ ಮಗು ಬರುತ್ತದೆಯೆಂಬುದು ಆಕೆಗೆ ಗೊತ್ತು. ಅದನ್ನು ಯಾವ ದೈವಶಾಸ್ತ್ರದ ಪದವಿಯೂ ನಮಗೆ ಕಲಿಸಿಕೊಡುವುದಿಲ್ಲ. ರಾತ್ರಿ ಪಾಳಿಯ ದಾದಿ, ಸಾಲದ ಕಂತು ಕಟ್ಟಲಾಗದ ರೈತ, ಅನ್ಯಧರ್ಮೀಯರನ್ನು ವಿವಾಹವಾದ ಮಗಳಿರುವ ಮನೆಯವರು, ಇವರೆಲ್ಲರೂ ಶುಭಸಂದೇಶವನ್ನು ನಮಗೆ ಪರಿಚಯವಿಲ್ಲದ ತಾಣಗಳಲ್ಲಿ ಬಾಳುತ್ತಿದ್ದಾರೆ. ಮಲೆನಾಡಿನ ಕಾಫಿ ತೋಟಗಳಿಗೆ ಜಾರ್ಖಂಡ್‌ನಿಂದ ದುಡಿಯಲು ಬಂದ ಕಥೋಲಿಕರ ಹೆಸರು ಕುಟುಂಬಗಳ ದಾಖಲೆ ಪುಸ್ತಕದಲ್ಲಿಯೇ ಇರುವುದಿಲ್ಲ. ಪರಿಷತ್ತಿನಲ್ಲಿ ಅವರ ಪರವಾಗಿ ಮಾತನಾಡುವವರು ಯಾರು? ಹೊಸ ಮುಖದ್ವಾರ ಕಟ್ಟಬೇಕೋ, ಬಡ ಮಕ್ಕಳ ಶಾಲಾ ಶುಲ್ಕಕ್ಕೆ ನಿಧಿ ಕೂಡಿಸಬೇಕೋ ಎಂಬ ಪ್ರಶ್ನೆ ಬಂದಾಗ, ಶುಲ್ಕ ಕಟ್ಟಲಾಗದವರು ಆ ಕೋಣೆಯಲ್ಲಿ ಇಲ್ಲದಿದ್ದರೆ ಮುಖದ್ವಾರವೇ ಗೆಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಪರಿಷತ್ತಿಗೆ ಮಾನ್ಯತೆ ಹೆಚ್ಚಿದಷ್ಟೂ ಗುಂಪುಗಾರಿಕೆ ಹೆಚ್ಚುವುದಿಲ್ಲವೇ? ಈ ಅಂಜಿಕೆ ಆಧಾರರಹಿತವಲ್ಲ. ಪಂಚಾಯತಿ ಚುನಾವಣೆಯ ರೀತಿನೀತಿಗಳು ಪರಿಷತ್ತಿನೊಳಗೆ ನುಸುಳಿರುವ, ಜಾತಿಯ ಮತ್ತು ಹಣದ ಬಲ ಸ್ಥಾನಗಳನ್ನು ಹಂಚಿರುವ ನಿದರ್ಶನಗಳು ನಮ್ಮ ನಡುವೆ ಇವೆ. ಬಹುಮತದಿಂದ ಸತ್ಯವು ನಿರ್ಣಯವಾಗುವುದಿಲ್ಲ ಎಂಬುದೂ ನಿಜ. ಆದರೆ ಗುಂಪುಗಾರಿಕೆಗೆ ಮದ್ದು ಪರಿಷತ್ತನ್ನು ನಿರ್ಬಲಗೊಳಿಸುವುದಲ್ಲ. ಮಾತಿಗೆ ಬೆಲೆಯಿಲ್ಲದ ಕಡೆ ಸ್ಥಾನಕ್ಕಷ್ಟೇ ಬೆಲೆ ಉಳಿಯುತ್ತದೆ, ಆಗ ಜನ ಸ್ಥಾನಕ್ಕಾಗಿಯೇ ಕಾದಾಡುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ಶ್ರೀಸಾಮಾನ್ಯರ ಹೊಣೆಗಾರಿಕೆ ನಮ್ಮ ನೆಲಕ್ಕೆ ಹೊಸತೂ ಅಲ್ಲ. ಕರಾವಳಿಯ ಕಥೋಲಿಕರಲ್ಲಿ ವಾಳೆಯ ಹಿರಿಯರಾದ ಗುರಿಕಾರರು ಮನೆಮನೆಯ ಸುಖದುಃಖಗಳನ್ನು ಗುರುಗಳಿಗೆ ತಲುಪಿಸುತ್ತಾ ಬಂದವರು. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆಯ ಕಾಲದಲ್ಲಿ, ಗುರುಗಳ ಸೇವೆ ಬಹುಮಟ್ಟಿಗೆ ದೊರೆಯದಿದ್ದಾಗ, ಜಪತಪಗಳನ್ನು ಮಕ್ಕಳಿಗೆ ದಾಟಿಸಿದವರು ಮನೆಯ ಹಿರಿಯರೇ.

2024ರ ಅಕ್ಟೋಬರ್ 26ರಂದು ಸಿನೋಡ್ ಅಂಗೀಕರಿಸಿದ, ಪೋಪ್ ಫ್ರಾನ್ಸಿಸ್‌ರವರು ಅನುಮೋದಿಸಿದ ಅಂತಿಮ ದಾಖಲೆಯು ಇಂತಹ ಪರಿಷತ್ತುಗಳನ್ನು ಕಡ್ಡಾಯಗೊಳಿಸಬೇಕೆಂದು ಕೋರಿದೆ. ‘ಸಲಹಾ ಮತ ಮಾತ್ರ’ ಎಂಬ ಸೂತ್ರವನ್ನು ಮರುಪರಿಶೀಲಿಸಬೇಕೆಂದೂ ಹೇಳಿದೆ. ಸಂಹಿತೆಯ ತಿದ್ದುಪಡಿಗಾಗಿ ನಾವು ಕಾಯಬೇಕಾಗಿಲ್ಲ. ಚರ್ಚಿಸಬೇಕಾದ ವಿಷಯಗಳನ್ನು ಒಂದು ವಾರ ಮೊದಲೇ ತಿಳಿಸುವುದು, ದುಡಿಯುವವರು ಬರಬಲ್ಲ ವೇಳೆಯಲ್ಲಿ ಸಭೆ ಕರೆಯುವುದು, ಲೆಕ್ಕಪತ್ರವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡುವುದು, ಇವು ಯಾವ ವಿಧಿಗೂ ವಿರುದ್ಧವಲ್ಲ. ಗುರುಗಳು ಪರಿಷತ್ತಿನ ಸಲಹೆಯನ್ನು ಒಪ್ಪಲಾಗದ ಸಂದರ್ಭವೂ ಬರಬಹುದು. ಆಗ ಅದರ ಕಾರಣವನ್ನು ಸಲಹೆಯಿತ್ತವರ ಮುಂದೆಯೇ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಲಿ.