ಹಕ್ಕು ಉಳಿಸಿಕೊಂಡ ಸಣ್ಣ ಸಂಸ್ಥೆ

ಕೈಬರಹದ ಹಾಳೆಗಳ ನಕಲು ತೆಗೆದು, ಪಿನ್ ಹೊಡೆದು ಮಾರುತ್ತಿದ್ದ ಪತ್ರಿಕೆಯೊಂದು ಜಗದ್ವಿಖ್ಯಾತ ಉದ್ಯಮವಾಗಿ ಬೆಳೆದ ಇತಿಹಾಸ ಜಪಾನಿನ ‘ಗೇಮ್ ಫ್ರೀಕ್’ನದು. 1983ರಲ್ಲಿ ಸತೋಶಿ ತಾಜಿರಿ ವಿಡಿಯೋ ಗೇಮ್ ಆಸಕ್ತರಿಗಾಗಿ ಆರಂಭಿಸಿದ ಈ ಪತ್ರಿಕೆ 1989ರಲ್ಲಿ ಕಂಪನಿಯಾಯಿತು.

1990ರಲ್ಲಿ ಕೈಗೆತ್ತಿಕೊಂಡ ‘ಪೋಕೆಮಾನ್’ ಆಟ ಪೂರ್ಣಗೊಳ್ಳಲು ಆರು ವರ್ಷ ಹಿಡಿಯಿತು. ಹಣದ ಅಭಾವದಿಂದ ಕೆಲವು ನೌಕರರು ಕೆಲಸ ಬಿಟ್ಟರು. ತಾಜಿರಿ ಸ್ವತಃ ಸಂಬಳ ಪಡೆಯದೆ ದುಡಿದರು. ನಿಂಟೆಂಡೊಗಾಗಿ 1991ರಲ್ಲಿ ಸಿದ್ಧಪಡಿಸಿದ ‘ಯೋಶಿ’ಯಂತಹ ಆಟಗಳು ಖರ್ಚಿಗೆ ಆಧಾರವಾದವು. ಕ್ರೀಚರ್ಸ್ ಸಂಸ್ಥೆ ಬಂಡವಾಳ ನೀಡಿ ಹಕ್ಕಿನಲ್ಲಿ ಪಾಲು ಪಡೆಯಿತು. 1996ರ ಫೆಬ್ರವರಿಯಲ್ಲಿ ಆಟ ಬಿಡುಗಡೆಯಾಯಿತು.

ಕಷ್ಟಕಾಲದಲ್ಲೂ ಸಂಸ್ಥೆ ತನ್ನ ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲವೆಂಬುದು ಗಮನಾರ್ಹ. ನಿಂಟೆಂಡೊ, ಕ್ರೀಚರ್ಸ್‌ಗಳೊಡನೆ ಅದು ಇಂದಿಗೂ ಪೋಕೆಮಾನ್‌ನ ಪಾಲುದಾರ. ಗುತ್ತಿಗೆ ಕೆಲಸ ದಿನದ ಖರ್ಚನ್ನು ತೂಗಿಸೀತು. ಆಸ್ತಿಯಾಗಿ ಉಳಿಯುವುದು ಸ್ವಂತ ಹಕ್ಕು ಮಾತ್ರ.