ಅಗಲವಾದ ಬೀದಿ

ನಮ್ಮೂರಿನ ಪೇಟೆಬೀದಿಯ ಗೋಡೆಗಳ ಮೇಲೆ ಒಂದು ಬೆಳಿಗ್ಗೆ ಕೆಂಪು ಗೆರೆಗಳು ಮೂಡತೊಡಗಿದವು. ಇಬ್ಬರು ಟೇಪು ಹಿಡಿದು ಬೀದಿಯ ನಡುವಿನಿಂದ ಅಳೆಯುತ್ತ ಬಂದು, ಅಳತೆ ಮುಗಿದಲ್ಲಿ ಕುಂಚವನ್ನಾಡಿಸಿ ಮುಂದಿನ ಮನೆಗೆ ಸಾಗುತ್ತಿದ್ದರು. ಜಗುಲಿಯ ಮೇಲೆ ಹೂ ಕಟ್ಟುತ್ತಿದ್ದ ವೃದ್ಧೆಯೊಬ್ಬರು, "ಏನಪ್ಪಾ, ಜನಗಣತಿಯವರೇನು?" ಎಂದು ವಿಚಾರಿಸಿದರು. "ಇಲ್ಲ ಅಜ್ಜೀ, ರಸ್ತೆ ಅಗಲ ಮಾಡ್ತಾರೆ. ನಿಮ್ಮದು ಎಂಟಡಿ ಹೋಗುತ್ತೆ" ಎಂದು ಕುಂಚದವನು ಮೃದುವಾಗಿಯೇ ಹೇಳಿದ. ಎಂಟಡಿಯೆಂದರೆ ಜಗುಲಿ, ತಲೆಬಾಗಿಲು, ಪಡಸಾಲೆಯ ಅರ್ಧ. ಪಕ್ಕದ ದರ್ಜಿಯ ಅಂಗಡಿಗೆ ಇದ್ದ ಆಳವೇ ಏಳಡಿ. ಅಲ್ಲಿ ಗೆರೆ ಎಳೆಯಲು ಸ್ಥಳವೇ ದೊರೆಯದೆ, ಬಾಗಿಲ ಮೇಲೆ ಒಂದು ಗುಣಾಕಾರದ ಚಿಹ್ನೆಯನ್ನು ಹಾಕಿ ಹೋದರು.

ಕನ್ನಡ ಪಾಠ ಹೇಳುವವನಿಗೆ ಇಂಥ ಸಮಯದಲ್ಲಿಯೂ ಮಾತಿನ ಮೇಲೆಯೇ ಗಮನ, ಓದುಗರು ಕ್ಷಮಿಸಬೇಕು. ಕಚೇರಿಯ ಭಾಷೆಯಲ್ಲಿ ಈ ಕಾರ್ಯಕ್ಕೆ 'ಅಗಲೀಕರಣ'ವೆಂದು ಹೆಸರು. ಅಚ್ಚಗನ್ನಡದ ಅಗಲಕ್ಕೆ ಸಂಸ್ಕೃತದ ಬಾಲವನ್ನಂಟಿಸಿದ ಈ ಪದವನ್ನು ಕಂಡು ವೈಯಾಕರಣರು ಮೂಗು ಮುರಿದಾರು. ನನಗೆ ತೋರಿದ್ದು ಬೇರೆ. ವಿಸ್ತಾರವೆಂಬರ್ಥದ 'ಅಗಲ'ವೂ, ಬೇರೆಯಾಗುವುದೆಂಬರ್ಥದ 'ಅಗಲು'ವೂ ಒಂದೇ ಬೇರಿನಿಂದ ಹುಟ್ಟಿದವು. ತಮಿಳಿನಲ್ಲಿಯೂ ಹೀಗೆಯೇ ಎರಡರ್ಥಗಳುಂಟು. ಎರಡು ದಡಗಳು ಒಂದನ್ನೊಂದು ಅಗಲಿದಾಗಲೇ ಅಲ್ಲವೆ ಹೊಳೆ ಅಗಲವಾಗುವುದು?

ಬೀದಿ ಇದ್ದಂತೆಯೇ ಇರಲಿ ಎಂದು ವಾದಿಸುವವನು ನಾನಲ್ಲ. ಎರಡು ಎತ್ತಿನ ಗಾಡಿಗಳು ಎದುರುಬದುರಾಗಿ ಹಾಯುವಷ್ಟಕ್ಕೆ ಸಾಲುತ್ತಿದ್ದ ಬೀದಿಯಲ್ಲಿ ಇಂದು ಬಸ್ಸು, ಲಾರಿ, ಶಾಲೆಯ ಮಕ್ಕಳು, ತರಕಾರಿಯ ತಳ್ಳುಗಾಡಿ ಎಲ್ಲವೂ ಸೇರಿ ನೂಕುತ್ತಿವೆ. ಆಂಬುಲೆನ್ಸು ಸಿಕ್ಕಿಬಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಗೆರೆ ಎಲ್ಲಿ ಬೀಳಬೇಕೆಂಬುದನ್ನು ಯಾರು, ಎಂದು ನಿರ್ಧರಿಸಿದರು ಎಂಬುದಷ್ಟೇ ನನ್ನನ್ನು ಕಾಡಿದ ಪ್ರಶ್ನೆ.

ಕೆಂಪು ಗೆರೆಯ ದಿನ ನಿರ್ಧಾರವಾದದ್ದಲ್ಲ. ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೆಂಬುದುಂಟು. ಅದರಂತೆ ಯೋಜನಾ ಪ್ರಾಧಿಕಾರವು ಊರಿಗೆ ಮಹಾಯೋಜನೆಯನ್ನು ಸಿದ್ಧಗೊಳಿಸಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಪ್ರಕಟಿಸಿದ ಮೇಲೆ ಸಾರ್ವಜನಿಕರ ಅಭಿಪ್ರಾಯಗಳಿಗೆ 60 ದಿನಗಳ ಅವಕಾಶ ಕೊಡಬೇಕು. ನಕ್ಷೆಯಲ್ಲಿ ವಾಸದ ನೆಲಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಾನಕ್ಕೆ ಹಸುರು. ಬೀದಿಗಳ ಮುಂದಿನ ಅಗಲವೂ ಅಲ್ಲಿಯೇ ನಿಶ್ಚಿತವಾಗುತ್ತದೆ. ಆಮೇಲೆ ನಡೆಯುವುದೆಲ್ಲ, ಪುರಸಭೆಯ ಠರಾವಿನಿಂದ ಕುಂಚದವರೆಗೆ, ಹೆಚ್ಚಾಗಿ ಆ ಹಳೆಯ ಗೆರೆಯ ಅನುಸರಣೆ ಮಾತ್ರ.

ಹಾಗಾದರೆ ಆ 60 ದಿನಗಳಲ್ಲಿ ನಾವೆಲ್ಲಿದ್ದೆವು? ನನ್ನ ಮಟ್ಟಿಗೆ ಉತ್ತರ ಅನಿರೀಕ್ಷಿತವಾಗಿ ಸಿಕ್ಕಿತು. ವಾರದ ಬಳಿಕ ಪಾಠಕ್ಕೆಂದು ಒಂದು ಹಳೆಯ ಕಾವ್ಯಸಂಗ್ರಹವನ್ನು ಕಪಾಟಿನಿಂದ ತೆಗೆದೆ. ಪುಸ್ತಕಗಳಿಗೆ ವೃತ್ತಪತ್ರಿಕೆಯ ಹೊದಿಕೆ ಹಾಕುವುದು ನನ್ನ ಹಳೆಯ ಚಾಳಿ. ಹೊದಿಕೆಯ ಬೆನ್ನಿನ ಮಡಿಕೆಯಲ್ಲಿ, ಟೆಂಡರು ಪ್ರಕಟಣೆಗಳ ನಡುವೆ, ಸಣ್ಣ ಅಕ್ಷರಗಳಲ್ಲಿ ನಮ್ಮೂರ ಕರಡು ಮಹಾಯೋಜನೆಯ ಸೂಚನೆ ಇತ್ತು! ವರ್ಷಗಳ ಹಿಂದಿನದು. ಸರ್ವೆ ನಂಬರುಗಳನ್ನೂ ಕಲಮುಗಳನ್ನೂ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ; ಪೇಟೆಬೀದಿ ಎಂಬ ಹೆಸರು ಎಲ್ಲಿಯೂ ಬಂದಿರಲಿಲ್ಲ. ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಿ ಸಂಬಳ ಪಡೆಯುವ ನಾನು ಅದನ್ನು ಮೂರು ಸಲ ಓದಿದೆ, ಆಗಲೂ ಅಜ್ಜಿಯ ಜಗುಲಿ ಅದರೊಳಗೆ ಅಡಗಿದೆಯೆಂಬುದು ಹೊಳೆಯಲಿಲ್ಲ. ದರ್ಜಿಗೆ ಹೊಳೆಯಬೇಕಿತ್ತೆಂದು ಯಾವ ಮುಖದಿಂದ ಹೇಳಲಿ?

ಈಗಿನದನ್ನು ಹಳಿದು ಹಿಂದಿನದನ್ನು ಹೊಗಳುವುದು ಸುಲಭ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕ ಮೇಲೆ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕುಳ್ಳ ಬೀದಿಗಳು ಬೆಳೆದವು. 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿತವಾಯಿತು. ಒಳ್ಳೆಯ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಯಲಿನ ಮೇಲೆ ಗೆರೆ ಎಳೆಯುವುದು ಒಂದು ವಿದ್ಯೆ, ಜನರು ತುಂಬಿದ ಹಳೆಯ ಪೇಟೆಯ ಮೇಲೆ ಎಳೆಯುವುದು ಮತ್ತೊಂದು.

ಆ ಎರಡನೆಯ ವಿದ್ಯೆಯನ್ನು ಬಲ್ಲವರೊಬ್ಬರು 1914ರಲ್ಲಿ ಮದರಾಸಿಗೆ ಬಂದಿದ್ದರು. ಅವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್, ವೃತ್ತಿಯಿಂದ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಅವರು ಪ್ರದರ್ಶನಕ್ಕೆಂದು ತರಿಸುತ್ತಿದ್ದ ನಕ್ಷೆಗಳೂ ಚಿತ್ರಗಳೂ ಹಡಗಿನೊಡನೆ ಜರ್ಮನರ 'ಎಮ್ಡನ್'ಗೆ ಆಹುತಿಯಾದವು. ಗೆಳೆಯರು ಬೇರೊಂದು ಸಂಗ್ರಹವನ್ನು ಒದಗಿಸಿದರಾದರೂ ಗೆಡ್ಡಿಸರಿಗೆ ನಕ್ಷೆಗಿಂತ ಕಾಲ್ನಡಿಗೆಯೇ ಮುಖ್ಯ. ಓಣಿ ಓಣಿಯನ್ನೂ ತುಳಿದು, ಯಾವ ಮನೆ ನಿಜವಾಗಿಯೂ ಬೀಳಬೇಕಾದದ್ದು, ಯಾವುದನ್ನು ಉಳಿಸಿ ರಸ್ತೆಯನ್ನು ತುಸು ಓರೆಯಾಗಿ ಒಯ್ಯಬಹುದು ಎಂಬುದನ್ನು ಕಂಡೇ ಅವರು ಸಲಹೆ ಕೊಡುತ್ತಿದ್ದರು. ಹಳೆಯ ಪೇಟೆಗಳನ್ನು ಸೀಳಿಕೊಂಡು ಹೋಗುವ ನೆಟ್ಟನೆಯ ರಾಜಮಾರ್ಗಗಳು ಅವರಿಗೆ ಸೇರುತ್ತಿರಲಿಲ್ಲ.

1918ರಲ್ಲಿ ಅವರು ಇಂದೂರಿನ ವರದಿಯನ್ನು ಪ್ರಕಟಿಸಿದರು. ಅಲ್ಲಿಯ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಪ್ಲೇಗಿನ ಭಯದಿಂದ ತತ್ತರಿಸಿದ ಜನ ಈ ವಿದೇಶೀಯನನ್ನು ಕಂಡರೆ ಮನೆ ಕೆಡಹುವವನೆಂದು ಹೆದರುತ್ತಿದ್ದರು. ಅವರು ದೊರೆಯನ್ನು ಬೇಡಿ ಒಂದು ದಿನದ ಮಟ್ಟಿಗೆ ತಾವೇ ಮಹಾರಾಜರಾದರು. ದೀಪಾವಳಿಯ ಮೆರವಣಿಗೆ ವಾಡಿಕೆಯ ಹಾದಿಯಲ್ಲಿ ಹೋಗದು, ಯಾವ ಬೀದಿಯವರು ಮನೆಗಳನ್ನು ಹೆಚ್ಚಾಗಿ ಗುಡಿಸಿ ದುರಸ್ತಿ ಮಾಡಿಕೊಂಡಿರುವರೋ ಆ ಬೀದಿಯಲ್ಲೇ ಬರುವುದು ಎಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಸೂಚನೆಯನ್ನು ಜನರಿಗೆ ತಲುಪಿಸುವ ಬಗೆ ಹೀಗೂ ಇದ್ದೀತು!

ಮೆರವಣಿಗೆಯ ಮಾತು ಬಂದದ್ದರಿಂದ ನಮ್ಮ ತೇರುಬೀದಿ ನೆನಪಾಗುತ್ತದೆ. ಅದು ಪೇಟೆಬೀದಿಗಿಂತ ಹಳೆಯದು, ಆದರೂ ಅಗಲವಾದದ್ದು. ತೇರು ತಿರುಗಲು ಎಷ್ಟು ಬೇಕೋ ಅಷ್ಟನ್ನು ಎಲ್ಲರೂ ಬಿಟ್ಟು ಮನೆ ಕಟ್ಟಿದರು. ಅಳತೆಯ ಕಾರಣ ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು, ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಪರಿಹಾರದ ವಿಷಯವನ್ನು ಬಿಡುವಂತಿಲ್ಲ. ನೆಲ ಬಿಟ್ಟುಕೊಟ್ಟವನಿಗೆ ಹಣದ ಬದಲು 'ಅಭಿವೃದ್ಧಿ ಹಕ್ಕಿನ ವರ್ಗಾವಣೆ' ಎಂಬ ಪತ್ರವನ್ನು ಕೊಡುವ ಪದ್ಧತಿಯನ್ನು ಅದೇ ಅಧಿನಿಯಮಕ್ಕೆ ಸೇರಿಸಲಾಗಿದೆ. ಆ ಪತ್ರದ ಬಲದಿಂದ ಅವನು ಉಳಿದ ನೆಲದ ಮೇಲೆ ಹೆಚ್ಚಿನ ಮಹಡಿಯನ್ನು ಕಟ್ಟಬಹುದು, ಇಲ್ಲವೆ ಪತ್ರವನ್ನು ಮಾರಬಹುದು. ಬೊಕ್ಕಸ ಬರಿದಾದ ಊರಿಗೆ ಕಾಗದವೇ ಅಗ್ಗ. ಎಂಟಡಿ ಕಳೆದುಕೊಂಡ ಅಜ್ಜಿ ಯಾವ ಮಹಡಿಯನ್ನು ಏರಿಸಬೇಕು? ಪತ್ರ ನೆಲದೊಡೆಯನಿಗೆ ಸಲ್ಲುವುದರಿಂದ ಬಾಡಿಗೆಯ ದರ್ಜಿಗಂತೂ ಅದೂ ಇಲ್ಲ. ಮೂವತ್ತು ವರ್ಷ ಅದೇ ಹೊಸ್ತಿಲ ಬಳಿ ಊರಿನ ಮಕ್ಕಳಿಗೆಲ್ಲ ಶಾಲೆಯ ಸಮವಸ್ತ್ರವನ್ನು ಹೊಲಿದವನು ಆತ.

ಜಗುಲಿಗಳು ಈಗ ಬಿದ್ದಿವೆ. ಅಜ್ಜಿಯ ಪಡಸಾಲೆಯ ದೀಪದ ಗೂಡು ಬೀದಿಗೇ ತೆರೆದುಕೊಂಡಿದೆ. ಅದರಲ್ಲಿ ಯಾರೋ ಚಹದ ಲೋಟವನ್ನಿಟ್ಟು ಹೋಗಿದ್ದರು. ದರ್ಜಿ ತನ್ನ ಯಂತ್ರವನ್ನು ದೇವಸ್ಥಾನದ ಹಿಂದಿನ ಓಣಿಯ ಒಂದು ಮನೆಯ ಮುಂದೆ ಇಟ್ಟುಕೊಂಡಿದ್ದಾನೆ.

ಈ ವಾರ ಪತ್ರಿಕೆಯಲ್ಲಿ ಇನ್ನೊಂದು ಸೂಚನೆ ಬಂದಿದೆ. ಆ ಹಿಂದಿನ ಓಣಿಯ ಕೆಲವು ನಿವೇಶನಗಳನ್ನು ವಾಸದಿಂದ ವಾಣಿಜ್ಯಕ್ಕೆ, ಎಂದರೆ ಹಳದಿಯಿಂದ ನೀಲಿಗೆ, ಬದಲಾಯಿಸುವ ಪ್ರಸ್ತಾವ. ಇಂಥ ಭೂ ಉಪಯೋಗ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು ಕಾನೂನು ಕಡ್ಡಾಯ ಮಾಡಿರುವುದು ಕನಿಷ್ಠ 15 ದಿನ. ನಾನು ಓದುವ ಹೊತ್ತಿಗೆ ನಾಲ್ಕು ಕಳೆದಿದ್ದವು. ಈ ಸಲ ಪುಟವನ್ನು ಹೊದಿಕೆಗೆ ಬಳಸಲಿಲ್ಲ. ಸರ್ವೆ ನಂಬರುಗಳ ಎದುರಿಗೆ ಮನೆಯವರ ಹೆಸರುಗಳನ್ನು ಬರೆದು ದರ್ಜಿಗೆ ತೋರಿಸಿದೆ. ಅವನು ಅಳತೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಓದಿ, "ಮೇಷ್ಟ್ರೇ, ಮೂರನೆಯದು ನಾನು ಕೂತಿರೋ ಜಾಗ" ಎಂದ. ಶನಿವಾರ ಸಂಜೆ ಓಣಿಯವರೆಲ್ಲ ದೇವಸ್ಥಾನದ ಕಟ್ಟೆಯ ಮೇಲೆ ಸೇರಲಿದ್ದಾರೆ. ನಕ್ಷೆಯ ಪ್ರತಿಯನ್ನು ನಾನು ತರಬೇಕು, ಅರ್ಜಿಯನ್ನೂ ನಾನೇ ಬರೆಯಬೇಕೆಂದು ತೀರ್ಮಾನವಾಗಿದೆ.