ತಗಡೂರಿನ ಅರಸರೂ ಅವರ ಅಧಿಕಾರದ ಎಲ್ಲೆಯೂ

ಅರಸನೆಂದರೆ ತಡೆಯಿಲ್ಲದ ಅಧಿಕಾರವುಳ್ಳವನು, ಅವನ ಮಾತೇ ಕಟ್ಟಳೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ನಾವು ಕೇಳಿದ ಕಥೆಗಳ, ಕಂಡ ನಾಟಕಗಳ ಅರಸರು ಬಹುಮಟ್ಟಿಗೆ ಅಂಥವರೇ. ಆದರೆ ಚರಿತ್ರೆಯ ಅರಸರು ನಿಜವಾಗಿ ಹಾಗಿದ್ದರೇ? ಇದಕ್ಕೆ ಉತ್ತರವನ್ನು ಅರಸಿ ನಾವು ದೂರ ಹೋಗಬೇಕಾಗಿಲ್ಲ. ಇಂದಿನ ಧರ್ಮಪುರಿಯೇ ಹಿಂದಿನ ತಗಡೂರು. ಸೇಲಂ ಜಿಲ್ಲೆಯಿಂದ 1965ರಲ್ಲಿ ಬೇರ್ಪಟ್ಟು ಜಿಲ್ಲೆಯಾದ ಈ ಸೀಮೆಯನ್ನು ಅದಿಯಮಾನರು, ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಒಬ್ಬರಾದ ಮೇಲೊಬ್ಬರು ಆಳಿದರು. ಅವರ ಕಥೆಯೇ ನಮ್ಮ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಇವರಲ್ಲಿ ಅತ್ಯಂತ ಪ್ರಾಚೀನನು ತಮಿಳು ಸಂಘ ಸಾಹಿತ್ಯದಲ್ಲಿ ಪ್ರಸಿದ್ಧನಾದ ಅದಿಯಮಾನ್ ನೆಡುಮಾನ್ ಅಂಜಿ. ತನಗೆ ದೊರೆತ ಅಪೂರ್ವವಾದ ನೆಲ್ಲಿಯ ಹಣ್ಣನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಳಿಗೆ ಇತ್ತನೆಂಬುದು ಅವನ ಕೀರ್ತಿ. ಆ ಕವಯಿತ್ರಿಯೇ ಅವನ ದೂತಳಾಗಿ ತೊಂಡೈಮಾನನ ಆಸ್ಥಾನಕ್ಕೆ ಹೋಗಿ, ಅಲ್ಲಿನ ಆಯುಧಗಳ ಹೊಳಪನ್ನು ಹೊಗಳುವ ನೆವದಲ್ಲಿ ಅವು ಯುದ್ಧವನ್ನೇ ಕಂಡಿಲ್ಲವೆಂದು ಸೂಚಿಸಿದಳು. ಅರಸನ ಮುಂದೆ ನಿಂತು ನಿಜವನ್ನಾಡುವ ನಾಲಗೆಯೊಂದು ಅಂದು ಇದ್ದಿತು. ಅರಸನು ಅದನ್ನು ಕೇಳಬೇಕಾಗಿದ್ದಿತು. ಇದು ಅಧಿಕಾರಕ್ಕೆ ಮೊದಲನೆಯ ಎಲ್ಲೆ.

ಒಂಬತ್ತನೆಯ ಶತಮಾನದಲ್ಲಿ ತಗಡೂರು ಕನ್ನಡದ ಅರಸರಾದ ನೊಳಂಬರ ಕೈಸೇರಿತು. ಹೆಂಜೇರು, ಎಂದರೆ ಇಂದು ಆಂಧ್ರಪ್ರದೇಶದಲ್ಲಿರುವ ಹೇಮಾವತಿ, ಅವರ ರಾಜಧಾನಿ. ಅವರಲ್ಲಿ ಪ್ರಬಲನಾದ ಮಹೇಂದ್ರನು ಬಾಣರನ್ನು ಸೋಲಿಸಿ ‘ಮಹಾಬಲಿಕುಲವಿಧ್ವಂಸನ’ನೆಂಬ ಬಿರುದನ್ನು ಧರಿಸಿದನು. ಆದರೆ ಅವನನ್ನು ಕೊಂದ ಗಂಗರ ಎರೆಯಪ್ಪನು ‘ಮಹೇಂದ್ರಾಂತಕ’ನಾದನು. ಮುಂದೆ ಗಂಗರ ಮಾರಸಿಂಹನು (963–974) ನೊಳಂಬರ ಮನೆತನವನ್ನೇ ಅಡಗಿಸಿ ‘ನೊಳಂಬಕುಲಾಂತಕ’ನೆನಿಸಿದನು. ಆ ಗಂಗರ ರಾಜ್ಯವನ್ನೂ 1004ರ ಸುಮಾರಿಗೆ ಚೋಳರು ನುಂಗಿದರು. ಒಂದು ಬಿರುದನ್ನು ಇನ್ನೊಂದು ಬಿರುದು ಅಳಿಸಿದ ಈ ಪರಂಪರೆಯನ್ನು ನೋಡಿದರೆ, ಕೇವಲ ಕತ್ತಿಯ ಮೇಲೆ ನಿಂತ ಅಧಿಕಾರಕ್ಕೆ ಆಯುಸ್ಸು ಕಡಮೆಯೆಂಬುದು ವಿಶದವಾಗುವುದು.

ಹಾಗಾದರೆ ಉಳಿದುದೇನು? ಧರ್ಮಪುರಿಯಲ್ಲಿ ದೊರೆತ ಕಂಬದ ಕನ್ನಡ ಶಾಸನವೊಂದು ಶಕವರ್ಷ 815ಕ್ಕೆ, ಎಂದರೆ ಕ್ರಿ.ಶ. 893ಕ್ಕೆ ಸೇರಿದುದು. ನಿಧಿಯಣ್ಣ, ಚಂಡಿಯಣ್ಣ ಎಂಬಿಬ್ಬರು ವರ್ತಕರು ತಗಡೂರಿನಲ್ಲಿ ಒಂದು ಬಸದಿಯನ್ನು ಕಟ್ಟಿಸಿದರು. ನಿಧಿಯಣ್ಣನು ಮಹೇಂದ್ರನಿಂದ ಮೂಲಪಳ್ಳಿಯೆಂಬ ಊರನ್ನು ಪಡೆದು, ಬಸದಿಯ ಸಲುವಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನು. ಮಹೇಂದ್ರನ ತರುವಾಯ ಅವನ ಮಗ ಅಯ್ಯಪದೇವನು ಅದೇ ಬಸದಿಗೆ ಮತ್ತೊಂದು ಊರನ್ನು ಬಿಟ್ಟನು.

ಈ ಚಿಕ್ಕ ಸಂಗತಿಯಲ್ಲಿ ದೊಡ್ಡ ಅರ್ಥವಡಗಿದೆ. ಬಸದಿಯನ್ನು ಕಟ್ಟಿಸಿದವರು ವರ್ತಕರು, ಅರಸನಲ್ಲ. ಊರನ್ನು ದತ್ತಿ ಬಿಡುವುದೆಂದರೆ ಆ ಊರಿನಿಂದ ತನಗೆ ಸಲ್ಲಬೇಕಾದ ತೆರಿಗೆಯನ್ನು ಅರಸನು ಬಿಟ್ಟುಕೊಡುವುದು. ‘ಸರ್ವಬಾಧಾಪರಿಹಾರ’ವೆಂದರೆ ಅರಸನ ಅಧಿಕಾರಿಗಳು ಆ ಊರನ್ನು ಪೀಡಿಸಕೂಡದೆಂಬ ಕಟ್ಟು. ಇಂಥ ಶಾಸನಗಳ ಕೊನೆಯಲ್ಲಿ, ದತ್ತಿಯನ್ನು ಅಪಹರಿಸಿದವನು ಮಹಾಪಾತಕಕ್ಕೆ ಗುರಿಯಾಗುವನೆಂಬ ಶಾಪವಾಕ್ಯವನ್ನು ಕೆತ್ತಿಸುವುದು ವಾಡಿಕೆ. ಆ ಶಾಪವು ಕಳ್ಳಕಾಕರಿಗಾಗಿ ಮಾತ್ರ ಬರೆದುದಲ್ಲ. ಮುಂಬರುವ ಅರಸರಿಗಾಗಿಯೂ ಬರೆದುದು. ಅರಸನು ತನ್ನ ಕೈಯನ್ನೂ ತನ್ನ ಸಂತತಿಯ ಕೈಯನ್ನೂ ತಾನೇ ಕಟ್ಟಿಕೊಂಡಂತಾಯಿತು.

ಇದೇ ಪ್ರಶ್ನೆಯನ್ನು ಯೂರೋಪಿನ ಹಂಗೇರಿ ದೇಶವು ಬೇರೊಂದು ಬಗೆಯಲ್ಲಿ ಬಿಡಿಸಿತು. ಅಲ್ಲಿ ಎರಡನೆಯ ಆಂಡ್ರೂ ಎಂಬ ಅರಸನು ರಾಜ್ಯದ ಭೂಮಿಗಳನ್ನು ತನ್ನ ಪ್ರೀತಿಪಾತ್ರರಿಗೆ ಹಂಚುತ್ತ ಹೋದಾಗ ಉಳಿದ ಭೂಮಾಲಿಕ ವರ್ಗದವರು ಒಂದಾಗಿ ಅವನನ್ನು ಒತ್ತಾಯಪಡಿಸಿದರು. 1222ರಲ್ಲಿ ಅವನು ಚಿನ್ನದ ಮುದ್ರೆಯುಳ್ಳ ಒಂದು ಶಾಸನವನ್ನು ಹೊರಡಿಸಿದನು. ವಿಚಾರಣೆಯಿಲ್ಲದೆ ಶ್ರೀಮಂತರನ್ನು ಬಂಧಿಸಕೂಡದು. ಅರಸನು ಮಾತಿಗೆ ತಪ್ಪಿದರೆ ಅವನನ್ನು ಎದುರಿಸುವುದು ದ್ರೋಹವಲ್ಲ ಎಂಬುವು ಅದರ ಮುಖ್ಯ ವಿಧಿಗಳು. ಎದುರಿಸುವ ಈ ಹಕ್ಕು 1687ರವರೆಗೆ ನಿಂತಿತು. ನಮ್ಮಲ್ಲಿ ಪಾಪಭೀತಿ ಮಾಡಿದ ಕೆಲಸವನ್ನು ಅಲ್ಲಿ ಶ್ರೀಮಂತರ ಒಕ್ಕಟ್ಟು ಮಾಡಿತು. ಆದರೆ ಅಲ್ಲಿಯೂ ಉಳುವವನಿಗೆ ಅದರಲ್ಲಿ ಪಾಲಿರಲಿಲ್ಲವೆಂಬುದನ್ನು ಮರೆಯಬಾರದು. ಇನ್ನೊಂದು ವಿಶೇಷ: ಆ ಶಾಸನದ ಏಳು ಮೂಲಪ್ರತಿಗಳಲ್ಲಿ ಇಂದು ಒಂದೂ ಉಳಿದಿಲ್ಲ. ತಗಡೂರಿನ ಕಲ್ಲಾದರೋ ಅದಕ್ಕಿಂತ ಮುನ್ನೂರು ವರ್ಷಗಳಿಗೂ ಹಿಂದಿನದು.

ನಮ್ಮ ಸೀಮೆಯ ಸಾಮಾನ್ಯನ ಮಾತನ್ನು ಹೇಳುವುವು ವೀರಗಲ್ಲುಗಳು. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋರಿ ಮಡಿದವನಿಗಾಗಿ ಇಂಥ ಕಲ್ಲುಗಳನ್ನು ನೆಡುತ್ತಿದ್ದರು. ಅವುಗಳಲ್ಲಿ ಅರಸನ ಹೆಸರು ಬಂದರೂ ಬಹುಶಃ ಕಾಲವನ್ನು ತಿಳಿಸುವುದಕ್ಕಷ್ಟೇ, ಗೌರವವೆಲ್ಲ ಸತ್ತವನಿಗೆ. ಅರಸನ ಪಡೆ ಬರುವವರೆಗೆ ಕಾಯಲಾಗದ ಊರು ತನ್ನ ರಕ್ಷಣೆಯನ್ನು ತಾನೇ ಮಾಡಿಕೊಳ್ಳುತ್ತಿದ್ದಿತು.

ಮುಂದೆ ಹೊಯ್ಸಳ ರಾಜ್ಯವು ಅಣ್ಣತಮ್ಮಂದಿರಲ್ಲಿ ಇಬ್ಭಾಗವಾದಾಗ ರಾಮನಾಥನು ಕಣ್ಣನೂರನ್ನು ಬಿಟ್ಟು ಕುಂದಾಣಿಗೆ ಬಂದು ನೆಲಸಿದನು. ಆ ಊರು ಇಂದಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಧರ್ಮಪುರಿ ಮೈಸೂರಿಗೆ ಸೇರಿತು. ಕಡೆಗೆ 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಕ್ಯಾಪ್ಟನ್ ಅಲೆಗ್ಜಾಂಡರ್ ರೀಡನೂ ಅವನ ಸಹಾಯಕನಾದ ತಾಮಸ್ ಮನ್ರೋ ಎಂಬವನೂ ಹೊಲಹೊಲವನ್ನು ಅಳೆಯಿಸಿ, ಒಬ್ಬೊಬ್ಬ ರೈತನೊಡನೆಯೂ ಕಂದಾಯವನ್ನು ಗೊತ್ತುಮಾಡಿದರು. ರೈತವಾರಿ ಪದ್ಧತಿ ಬೆಳೆದುದು ಈ ಮಣ್ಣಿನಲ್ಲಿಯೇ. ಅರಸನು ಹೋದನು, ಅಧಿಕಾರ ಹೋಗಲಿಲ್ಲ. ಅದು ಸಿಂಹಾಸನದಿಂದಿಳಿದು ಕಚೇರಿಯ ಲೆಕ್ಕದ ಪುಸ್ತಕವನ್ನು ಸೇರಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಆ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದೆ. ಅಂದು ಪಾಪಭೀತಿಯೂ ಕವಿಯ ನಾಲಗೆಯೂ ಊರ ವೀರನೂ ಹಾಕಿದ ಎಲ್ಲೆಯನ್ನು ಇಂದು ಕಾಯಬೇಕಾದವರು ನಾವು. ಅದಕ್ಕೆ ಓದು ಬೇಕು. ನಮ್ಮ ಮಕ್ಕಳು ಮನೆಯಲ್ಲಾಡುವ ನುಡಿಯ ಹಳೆಯ ರೂಪದಲ್ಲಿಯೇ ತಗಡೂರಿನ ಆ ಕಂಬ ಮಾತನಾಡುತ್ತಿದೆ. ಹೊಲದ ಬದುವಿನಲ್ಲೋ ಕೆರೆಯ ಏರಿಯಲ್ಲೋ ಅಕ್ಷರವುಳ್ಳ ಕಲ್ಲೊಂದು ಕಂಡರೆ ಅದನ್ನು ಒಡೆಯದೆ, ಸುಣ್ಣ ಬಳಿಯದೆ, ಬಲ್ಲವರಿಗೆ ತೋರಿಸುವುದು ವಿದ್ಯಾರ್ಥಿಗಳ ಕರ್ತವ್ಯ. ಅರಸನೊಬ್ಬನು ಕೊಟ್ಟ ಮಾತು ಅದರಲ್ಲಿ ಇನ್ನೂ ನಿಂತಿರಬಹುದು.